ತೆಂಗಿನ ನಾಡಿನಲ್ಲಿ ತೊಗಲಿನ ಬಣ್ಣ

ಬೆಂಗಳೂರಿನಿಂದ ಹೊನ್ನಾವರದ ಕಡೆಗೆ ಹೊರಟ ಹೆದ್ದಾರಿ ಗುಬ್ಬಿ, ನಿಟ್ಟೂರುಗಳನ್ನು ದಾಟಿ ಕಿಬ್ಬನಹಳ್ಳಿ ಕ್ರಾಸ್ ಮುಟ್ಟುವ ಹೊತ್ತಿಗೆ ಎರಡೂ ಬದಿ ತೆಂಗು ಬಿಟ್ಟು ಬೇರೇನೂ ಕಾಣಿಸುವುದಿಲ್ಲ. ಇಲ್ಲಿ ಎಡಕ್ಕೆ ತಿರುಗಿದರೆ ತುರುವೇಕೆರೆ, ಬಲಕ್ಕೆ ತಿರುಗಿದರೆ ಚಿಕ್ಕನಾಯಕನಹಳ್ಳಿ, ನೆಟ್ಟಗೆ ಹೋದರೆ ತಿಪಟೂರು. ಜನ ಇದನ್ನು ಕಲ್ಪತರು ನಾಡು ಎಂದು ಕರೆದುಕೊಂಡಿದ್ದಾರೆ. ಬ್ಯಾಂಕಿಗೆ, ಕಾಲೇಜಿಗೆ, ಹೋಟೆಲಿಗೆ, ಬಸ್ಸಿಗೆ ಎಲ್ಲಕ್ಕೂ ಅದೇ ಹೆಸರು. ತಪ್ಪೇನಿಲ್ಲ. ಮಗಳ ಮದುವೆ, ಮಗನ ಕಾಲೇಜು, ಬೋರ್‌ವೆಲ್ಲಿನ ಸಾಲ ಎಲ್ಲವೂ ಇಲ್ಲಿ ತೀರ್ಮಾನವಾಗುವುದು ತಿಪಟೂರು ಮಾರುಕಟ್ಟೆಯಲ್ಲಿ ಉಂಡೆ ಕೊಬ್ಬರಿಗೆ ಎಷ್ಟು ಕೂಗಿದರು ಎಂಬುದರ ಮೇಲೆಯೇ.

ಆದರೆ ತೆಂಗಿನ ಮರವನ್ನು ನೋಡುತ್ತ ತಲೆ ಎತ್ತಿ ನಡೆಯುವವರಿಗೆ ಕಾಲ ಬುಡದಲ್ಲಿರುವುದು ಕಾಣುವುದಿಲ್ಲ. ಈ ನಾಡಿನ ಬೇಸಾಯ ಬಹಳ ಕಾಲ ನಿಂತದ್ದು ತೊಗಲಿನ ಮೇಲೆ. ಬಾವಿಯಿಂದ ನೀರೆತ್ತುವ ಕಪಿಲೆಯ ಚೀಲ ತೊಗಲು, ನೊಗಕ್ಕೆ ಬಿಗಿಯುವ ಮಿಣಿ ತೊಗಲು, ಎತ್ತಿನ ಕೊರಳ ಗೆಜ್ಜೆಪಟ್ಟಿ ತೊಗಲು, ಬಾರುಕೋಲಿನ ಬಾರು ತೊಗಲು, ಮುಳ್ಳಿನ ಹೊಲದಲ್ಲಿ ಮೆಟ್ಟುವ ಎಕ್ಕಡ ತೊಗಲು, ಊರಹಬ್ಬದ ತಮಟೆ ತೊಗಲು. ಇವುಗಳಲ್ಲಿ ಹಲವು ಈಗ ಬಳಕೆ ತಪ್ಪಿ ಅಟ್ಟ ಸೇರಿವೆ. ಅಟ್ಟದಿಂದ ಕೆಳಗಿಳಿಸಿದಾಗ ಒಂದರ ಮೇಲೆ ಬಿಳಿ ಬೂಷ್ಟು, ಇನ್ನೊಂದರ ಮೇಲೆ ಹಸಿರು ಕಿಲುಬು, ಮತ್ತೊಂದರ ಮೇಲೆ ಕಪ್ಪು ಮಚ್ಚೆ. ಮನೆಯವರು ಮೊದಲು ಮಾಡುವ ಕೆಲಸ ಎಂದರೆ ಕೈಗೆ ಸಿಕ್ಕ ಕೊಬ್ಬರಿ ಎಣ್ಣೆಯನ್ನು ಸುರಿದು ಉಜ್ಜುವುದು. ತೆಂಗಿನ ನಾಡಲ್ಲವೇ!

ಅಟ್ಟದ ಪಾಠ

ಇಲ್ಲಿನ ಮನೆಗಳ ಕೊಬ್ಬರಿ ಅಟ್ಟವನ್ನು ಒಮ್ಮೆ ನೋಡಬೇಕು. ಸುಲಿಯದ ಬಲಿತ ಕಾಯಿಗಳನ್ನು ಎಂಟರಿಂದ ಹನ್ನೊಂದು ತಿಂಗಳು ಅಟ್ಟದ ಮೇಲೆ ಬಿಡುತ್ತಾರೆ. ಅಟ್ಟದ ತಳದಲ್ಲಿ ಸಂದು ಇರುತ್ತದೆ. ಕೆಳಗಿನಿಂದ ಗಾಳಿಯಾಡುತ್ತದೆ, ಅಡುಗೆ ಮನೆಯ ಹೊಗೆ ತಾಗುತ್ತದೆ, ಬಿಸಿಲು ಮಾತ್ರ ತಾಗದು. ಒಳಗಿನ ನೀರು ನಿಧಾನವಾಗಿ ಇಂಗಿ, ತಿರುಳು ಚಿಪ್ಪಿನಿಂದ ತಾನೇ ಬಿಟ್ಟುಕೊಂಡು, ಅಲ್ಲಾಡಿಸಿದರೆ ಲೊಟಲೊಟ ಸದ್ದು ಬರುತ್ತದೆ. ಆಗ ಕಾಯಿ ಸುಲಿದು, ಕರಟ ಒಡೆದು, ಹೋಳಾಗದ ಉಂಡೆಯನ್ನು ತೆಗೆಯುತ್ತಾರೆ. ಅವಸರಪಟ್ಟು ಒಣಗಿಸಿದ್ದು ಬಿರಿಯುತ್ತದೆ. ಗಾಳಿಯಿಲ್ಲದೆ ಮುಚ್ಚಿಟ್ಟದ್ದು ಬೂಷ್ಟು ಹಿಡಿಯುತ್ತದೆ. ಕೊಬ್ಬರಿಯ ಬಣ್ಣ ಒಂದಿಷ್ಟು ಕೆಟ್ಟರೂ ಮಂಡಿಯಲ್ಲಿ ಬೆಲೆ ಬೀಳುತ್ತದೆ.

ತೊಗಲಿಗೂ ಇದೇ ನಿಯಮ. ನೆನೆದ ಚಪ್ಪಲಿಯನ್ನು ಬಿಸಿಲಿಗೆ ಇಟ್ಟರೆ, ಒಲೆಯ ಪಕ್ಕ ಇಟ್ಟರೆ ಅದು ಸೆಟೆದು ಬಿರಿಯುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಬೀರುವಿನಲ್ಲಿ ಇಟ್ಟರೆ ಒಂದೇ ಮಳೆಗಾಲಕ್ಕೆ ಬೂಷ್ಟು. ನೆರಳಿನಲ್ಲಿ, ಗಾಳಿಯಲ್ಲಿ, ತನ್ನ ಪಾಡಿಗೆ ತಾನು ಒಣಗಲು ಬಿಟ್ಟರೆ ಅದು ಮೆತ್ತಗೇ ಉಳಿಯುತ್ತದೆ. ಕೊಬ್ಬರಿಗೆ ಇಷ್ಟೆಲ್ಲ ನಾಜೂಕು ತೋರುವ ಮನೆಯಲ್ಲೇ ಎತ್ತಿನ ಕೊರಳಪಟ್ಟಿಯನ್ನು ರಸಗೊಬ್ಬರದ ಚೀಲದಲ್ಲಿ ಕಟ್ಟಿ ಮೂಲೆಗೆ ಎಸೆದಿರುತ್ತಾರೆ.

ತಂಗಡಿಯ ಗುಡ್ಡ

ಚಿಕ್ಕನಾಯಕನಹಳ್ಳಿಯ ಕಡೆ ಹೋದಂತೆ ತೋಟದ ತಂಪು ತೆಳುವಾಗಿ, ಕುರುಚಲು ಗುಡ್ಡಗಳು ಎದುರಾಗುತ್ತವೆ. ಹಾಗಲವಾಡಿ ಪಾಳೆಯಗಾರರ ಮನೆತನದ ಚಿಕ್ಕನಾಯಕನ ಹೆಸರು ಹೊತ್ತ ಊರು ಇದು. ಕಂಬಳಿಗೆ ಹೆಸರಾದದ್ದು. ಸುತ್ತಿನ ಗುಡ್ಡಗಳಲ್ಲಿ ಕಬ್ಬಿಣ, ಮ್ಯಾಂಗನೀಸ್ ಅದಿರಿದೆ. ಇಂಥ ಒಣ ನೆಲದಲ್ಲಿ ಯಾರೂ ನೆಡದೆ, ಯಾರೂ ನೀರೆರೆಯದೆ ಬೆಳೆಯುವ ಗಿಡ ತಂಗಡಿ. ಕೆಲವರು ಆವರಿಕೆ ಎನ್ನುತ್ತಾರೆ. ಹಳದಿ ಹೂ ಬಿಟ್ಟಾಗ ಗುಡ್ಡಕ್ಕೆ ಅರಿಶಿನ ಎರಚಿದಂತೆ ಕಾಣುವುದರಿಂದ ದಾರಿಹೋಕರೂ ಗುರುತಿಸುತ್ತಾರೆ. ದನ ಇದನ್ನು ಮುಟ್ಟುವುದಿಲ್ಲವಾದ್ದರಿಂದ ರೈತನಿಗೆ ಇದು ಲೆಕ್ಕಕ್ಕಿಲ್ಲದ ಗಿಡ.

ಆದರೆ ದಕ್ಷಿಣ ಭಾರತದ ಚರ್ಮೋದ್ಯಮ ಒಂದು ಕಾಲಕ್ಕೆ ಈ ಗಿಡದ ತೊಗಟೆಯ ಮೇಲೆ ನಿಂತಿತ್ತು. ತೊಗಟೆಯ ಒಗರು, ಅಂದರೆ ಟ್ಯಾನಿನ್, ಹಸಿ ಚರ್ಮದ ನಾರಿಗೆ ಅಂಟಿಕೊಂಡು ಅದು ಕೊಳೆಯದಂತೆ ಮಾಡುತ್ತದೆ. ಹದ ಮಾಡುವುದು ಎಂದರೆ ಇದೇ. ಸುಣ್ಣದಲ್ಲಿ ನೆನೆಸಿ, ಕೂದಲು ಹೆರೆದು, ತೊಳೆದು, ಆಮೇಲೆ ತೊಗಟೆಯ ಕಷಾಯದಲ್ಲಿ ವಾರಗಟ್ಟಲೆ ಅದ್ದಿಡಬೇಕು. ನಮ್ಮ ದೇಶದ ಹಳ್ಳಿಗಳಲ್ಲಿ ಚರ್ಮವನ್ನೇ ಚೀಲದಂತೆ ಹೊಲಿದು, ಒಳಗೆ ಕಷಾಯ ತುಂಬಿ ತೂಗುಹಾಕುವ ಕ್ರಮವೂ ಇತ್ತು. ಮದರಾಸು ಬಂದರಿನಿಂದ ಇಂಗ್ಲೆಂಡಿಗೆ ಹಡಗೇರುತ್ತಿದ್ದ ಹದ ಮಾಡಿದ ಚರ್ಮಕ್ಕೂ ಇದೇ ತೊಗಟೆ. ಮುಂದೆ ದಕ್ಷಿಣ ಆಫ್ರಿಕಾದಿಂದ ವಾಟಲ್ ತೊಗಟೆ ಬಂತು. ತಂಗಡಿ ಮತ್ತೆ ಬರೀ ಹೂವಿನ ಗಿಡವಾಯಿತು.

ತಂಗಡಿಯಲ್ಲಿ ಹದವಾದ ಚರ್ಮಕ್ಕೆ ಒಂದು ಗುಣವಿದೆ. ಹೊಸದರಲ್ಲಿ ತಿಳಿ ಹಳದಿ, ಹೆಚ್ಚುಕಡಿಮೆ ಬೆಲ್ಲದ ಪಾಕದ ಬಣ್ಣ. ಬೆಳಕಿಗೆ ಇಟ್ಟರೆ ದಿನದಿನಕ್ಕೂ ಕೆಂಪಡರುತ್ತದೆ. ಇದನ್ನು ತಡೆಯಲೆಂದೇ ಹದಗಾರರು ಕೊನೆಯಲ್ಲಿ ಅಳಲೆಕಾಯಿಯ ನೀರಿನಲ್ಲಿ ಇನ್ನೊಂದು ಸಲ ಅದ್ದುತ್ತಿದ್ದರು. ಅಳಲೆಯ ಒಗರು ಬೇರೆ ಜಾತಿಯದು, ಅದು ಬಿಸಿಲಿಗೆ ಕೆಂಪಾಗುವುದಿಲ್ಲ. ಆಮೇಲೆ ಹೊಂಗೆ ಎಣ್ಣೆ. ಗುಡ್ಡದ ತೊಗಟೆ, ಕಾಡಿನ ಕಾಯಿ, ಹೊಲದ ಬದುವಿನ ಹೊಂಗೆ. ರಸಾಯನಶಾಸ್ತ್ರದ ಪುಸ್ತಕ ಕಾಣದ ಕೈಗಳು ಕಂಡುಕೊಂಡ ಲೆಕ್ಕ ಇದು. ಹಳೆಯ ತೊಗಲಿನ ಪೆಟ್ಟಿಗೆ ಕಿಟಕಿಯ ಬದಿಯಲ್ಲಿ ಮಾತ್ರ ಕೆಂಪಾಗಿದ್ದರೆ ಅದು ಕೊಳೆಯಲ್ಲ, ಬೆಳಕು ಬರೆದ ಬಣ್ಣ. ಎಷ್ಟು ಉಜ್ಜಿದರೂ ಹೋಗದು. ಜಾಗ ಬದಲಾಯಿಸುವುದೊಂದೇ ದಾರಿ.

ಕಪಿಲೆಯ ಕಾಲ

ಪಂಪ್‌ಸೆಟ್ ಬರುವ ಮುನ್ನ ಈ ಸೀಮೆಯ ಬಾವಿಗಳಲ್ಲಿ ಕಪಿಲೆ ಹೊಡೆಯುತ್ತಿದ್ದರು. ಜೋಡೆತ್ತು ಇಳಿಜಾರಿನಲ್ಲಿ ಹಗ್ಗ ಎಳೆದುಕೊಂಡು ಇಳಿದರೆ ಬಾವಿಯೊಳಗಿಂದ ನೀರು ತುಂಬಿದ ಚೀಲ ಮೇಲೇರುತ್ತಿತ್ತು. ಅದಕ್ಕೆ ಆನೆಯ ಸೊಂಡಿಲಿನಂಥ ತೊಗಲಿನ ಬಾಲ. ಚೀಲ ಮೇಲೆ ಬಂದೊಡನೆ ಬಾಲ ಬಿಚ್ಚಿಕೊಂಡು ನೀರು ಕಾಲುವೆಗೆ ಸುರಿಯುತ್ತಿತ್ತು. ಚೀಲ ಹೊಲಿಯುವುದು, ಹರಿದರೆ ತೇಪೆ ಹಾಕುವುದು, ಎಣ್ಣೆ ಕುಡಿಸುವುದು ಎಲ್ಲವೂ ಊರಿನ ಮಾದಿಗರ ಕೇರಿಯ ಕೆಲಸ. ಸುಗ್ಗಿಯಲ್ಲಿ ಕಣದಿಂದ ಕೊಡುವ ಕಾಳು ಅದರ ಕೂಲಿ. ಅವರು ಹೊಲಿದ ಚೀಲದ ನೀರು ತೋಟಕ್ಕೆ ಆಗುತ್ತಿತ್ತು, ಗಿಡಕ್ಕೆ ಆಗುತ್ತಿತ್ತು. ಅದನ್ನು ಹೊಲಿದವರು ಅದೇ ಬಾವಿಯ ಮೆಟ್ಟಿಲಿಳಿದು ಒಂದು ಬೊಗಸೆ ನೀರು ಕುಡಿಯುವಂತಿರಲಿಲ್ಲ.

ಸದಾ ನೀರಿನಲ್ಲಿರುವ ತೊಗಲು ಬೇಗ ಕೊಳೆಯುತ್ತಿತ್ತು. ಮದರಾಸಿನ ಕಲಾಶಾಲೆಯಲ್ಲಿ ಆಲ್‌ಫ್ರೆಡ್ ಚಾಟರ್‌ಟನ್ ಎಂಬವರು 1903ರ ಸುಮಾರಿಗೆ ಕ್ರೋಮ್ ಹದವನ್ನು ನಮ್ಮ ಸೀಮೆಗೆ ತರಲು ಹೊರಟಾಗ ಅವರ ಕಣ್ಣ ಮುಂದಿದ್ದ ಬಳಕೆಗಳಲ್ಲಿ ಬಾವಿಯ ಈ ಚೀಲವೂ ಒಂದು. ಕ್ರೋಮ್ ಲವಣದಲ್ಲಿ ಹದವಾದ ಚರ್ಮ ನೀರಿಗೆ ಜಗ್ಗುವುದಿಲ್ಲ. ಇದೇ ಚಾಟರ್‌ಟನ್ ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ಮುಖ್ಯಸ್ಥರಾಗಿ ಬಂದರು. ಇಂದು ನಾವು ಅಂಗಡಿಯಲ್ಲಿ ಕೊಳ್ಳುವ ಶೂ, ಬ್ಯಾಗುಗಳಲ್ಲಿ ಬಹುಪಾಲು ಕ್ರೋಮ್ ಹದದವೇ. ಕಪಿಲೆ ಮಾತ್ರ ಹೋಯಿತು. ಅದರ ಜೊತೆಗೆ ಕಣದ ಕಾಳೂ ಹೋಯಿತು.

ಬಿಳಿ, ಕಪ್ಪು, ಹಸಿರು, ಕೆಂಪು

ತೊಗಲಿನ ಮೇಲೆ ಬರುವ ಬಣ್ಣಗಳಿಗೆ ಒಂದೊಂದಕ್ಕೂ ಒಂದೊಂದು ಕಾರಣ. ಕಾರಣ ತಿಳಿಯದೆ ಮದ್ದು ಮಾಡಿದರೆ ಕಾಯಿಲೆ ಹೆಚ್ಚುತ್ತದೆ.

ಮೊದಲು ಬಿಳಿ. ಬಿಳಿಯಲ್ಲಿ ಮೂರು ಬಗೆ. ತುಪ್ಪಳದಂತೆ ಎದ್ದು, ಮುಗ್ಗಲು ವಾಸನೆ ಬಂದರೆ ಅದು ಬೂಷ್ಟು. ಅದನ್ನು ಮನೆಯೊಳಗೆ ಕೊಡವಬಾರದು. ಅಂಗಳಕ್ಕೆ ಒಯ್ದು ಒಣ ಬಟ್ಟೆಯಿಂದ ಒರೆಸಬೇಕು. ಆಮೇಲೆ ಔಷಧದ ಅಂಗಡಿಯಲ್ಲಿ ಸಿಗುವ ಸ್ಪಿರಿಟ್ಟಿಗೆ ಅಷ್ಟೇ ನೀರು ಬೆರೆಸಿ, ಕಾಣದ ಮೂಲೆಯೊಂದರಲ್ಲಿ ಮೊದಲು ಪರೀಕ್ಷಿಸಿ, ಬಣ್ಣ ಬಿಡದಿದ್ದರೆ ಮೆಲ್ಲಗೆ ಒರೆಸಿ ನೆರಳಿನಲ್ಲಿ ಆರಹಾಕಬೇಕು. ಒರೆಸಿದ ಬಟ್ಟೆಯನ್ನು ಎಸೆದುಬಿಡಬೇಕು. ಎರಡನೆಯದು ಉಪ್ಪು. ಬೆವರು, ಮಳೆನೀರು ಆರಿದ ಮೇಲೆ ಅಂಚುಗಟ್ಟಿ ನಿಲ್ಲುವ ಬಿಳಿ ಗೆರೆ. ಒದ್ದೆ ಬಟ್ಟೆಗೆ ಹೋಗುತ್ತದೆ. ಹಟ ಹಿಡಿದರೆ ನೀರಿಗೆ ತುಸು ವಿನೆಗರ್ ಸೇರಿಸಿ ಒರೆಸಬಹುದು.

ಮೂರನೆಯದು ತೆಂಗಿನ ನಾಡಿನದೇ ಕಾಣಿಕೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ತಂಪಾದರೆ ಗಟ್ಟಿಯಾಗುತ್ತದೆ. ಧನುರ್ಮಾಸದ ಬೆಳಗಿನಲ್ಲಿ ಎಣ್ಣೆ ಸೀಸೆಯನ್ನು ಒಲೆಯ ಬಳಿ ಇಡುವುದು ಎಲ್ಲ ಮನೆಯ ಅನುಭವ. ಚಪ್ಪಲಿಗೆ ಕುಡಿಸಿದ ಎಣ್ಣೆಯೂ ಹಾಗೆಯೇ ಹೆಪ್ಪುಗಟ್ಟಿ ಮೇಲೆದ್ದು ಬಿಳಿ ಪೊರೆಯಾಗುತ್ತದೆ. ನೋಡಿದವರು ಬೂಷ್ಟು ಎಂದುಕೊಂಡು ಇನ್ನಷ್ಟು ಎಣ್ಣೆ ಹಚ್ಚುತ್ತಾರೆ. ಪರೀಕ್ಷೆ ಸುಲಭ. ಅಂಗೈ ಒತ್ತಿ ಬಿಸಿ ಮುಟ್ಟಿಸಿ, ಅಥವಾ ಕೂದಲು ಒಣಗಿಸುವ ಯಂತ್ರದ ಬೆಚ್ಚನೆ ಗಾಳಿ ಹಿಡಿಯಿರಿ. ಕರಗಿ ಮಾಯವಾದರೆ ಕೊಬ್ಬು, ಹಾಗೇ ಉಳಿದರೆ ಬೂಷ್ಟು ಅಥವಾ ಉಪ್ಪು. ಕೊಬ್ಬಾದರೆ ಬೆಚ್ಚಗಿರುವಾಗಲೇ ಒಣ ಬಟ್ಟೆಯಿಂದ ಒರೆಸಿ ತೆಗೆಯಬೇಕು.

ತಿಪಟೂರು ಬಸ್ ನಿಲ್ದಾಣದ ಬಳಿ ಛತ್ರಿ ಬಿಚ್ಚಿ ಕೂತ ಮೋಚಿಯೊಬ್ಬರು ಕಾಲೇಜು ಹುಡುಗಿಯೊಬ್ಬಳಿಗೆ ಹೇಳುತ್ತಿದ್ದುದು ಇದನ್ನೇ. "ಅಣ್ಣಾ, ಕೊಬ್ರಿ ಎಣ್ಣೆ ಹಾಕ್ದೆ, ಆದ್ರೂ ಬೂಷ್ಟು ಹೋಗ್ಲಿಲ್ಲ" ಎಂದು ಅವಳು ಚೀಲ ಮುಂದಿಟ್ಟಳು. ಅವರು ಬೆರಳಿನಿಂದ ಒಮ್ಮೆ ಸವರಿ, "ಬೂಷ್ಟಲ್ಲ ಕಣವ್ವಾ, ನಿನ್ನೆಣ್ಣೆನೇ ಚಳಿಗೆ ಎದ್ದು ಕೂತದೆ. ಇನ್ಮ್ಯಾಕೆ ಹಾಕ್ಬ್ಯಾಡ. ಬೇಕೇ ಬೇಕು ಅಂದ್ರೆ ಹರಳೆಣ್ಣೆ ಒಂದ್ ತೊಟ್ಟು, ಬಟ್ಟೆಗೆ ಹಾಕಿ ಒರಸು" ಎಂದರು. ಎಣ್ಣೆ ಯಾವುದಾದರೂ ತಿಳಿಬಣ್ಣದ ತೊಗಲನ್ನು ಕಪ್ಪಾಗಿಸುತ್ತದೆ ಎಂಬುದನ್ನೂ ಇಲ್ಲಿ ಸೇರಿಸಬೇಕು. ಅದು ಮತ್ತೆ ತಿಳಿಯಾಗುವುದಿಲ್ಲ.

ಎರಡನೆಯ ಬಣ್ಣ ಕಪ್ಪು. ಎಳನೀರು ಕೊಚ್ಚುವ ಮಚ್ಚನ್ನು ನೋಡಿ. ಬೆಳಿಗ್ಗೆ ಬೆಳ್ಳಗೆ ಮಸೆದದ್ದು ಮಧ್ಯಾಹ್ನಕ್ಕೆ ಕಪ್ಪಿಟ್ಟಿರುತ್ತದೆ. ಎಳೆಯ ಸಿಪ್ಪೆಯ ಒಗರು ಕಬ್ಬಿಣವನ್ನು ಕೂಡಿದರೆ ಕಪ್ಪು. ಹಳೆಯ ಕಾಲದ ಬರೆಯುವ ಶಾಯಿ ಹುಟ್ಟುತ್ತಿದ್ದುದೂ ಹೀಗೆಯೇ. ತೊಗಟೆಯಲ್ಲಿ ಹದವಾದ ತೊಗಲಿನೊಳಗೂ ಅದೇ ಒಗರು ಇರುವುದರಿಂದ, ತುಕ್ಕು ಮೊಳೆ, ಒದ್ದೆ ಬಕಲು, ಕಬ್ಬಿಣದ ಪುಡಿ ಬೆರೆತ ನೀರು ತಾಗಿದ ಕಡೆ ಕಪ್ಪು ಮಚ್ಚೆ ಬೀಳುತ್ತದೆ. ಎಳನೀರಿನ ಕಲೆ ಬಿಳಿ ಪಂಚೆಯಿಂದ ಹೋಗುವುದಿಲ್ಲ ಎಂದು ಇಲ್ಲಿನ ಹೆಂಗಸರಿಗೆ ಹೇಳಿಕೊಡಬೇಕಿಲ್ಲ. ಎಕ್ಕಡದ ಮೇಲೆ ಸಿಪ್ಪೆಯ ನೀರು ಸುರಿದರೂ ಕತೆ ಅದೇ. ಹಸಿಯಾಗಿರುವಾಗಲೇ ತೊಳೆದರೆ ಉಂಟು. ಕಪ್ಪು ಮೂಡಿದ ಮೇಲೆ ನಿಂಬೆರಸದ ಹನಿಯಲ್ಲಿ ತುಸು ಮಾಸಬಹುದು. ಹೆಚ್ಚು ಉಜ್ಜಿದರೆ ಮಚ್ಚೆಯ ಜಾಗದಲ್ಲಿ ಬೋಳು ಉಳಿಯುತ್ತದೆ. ಕಸುಬುದಾರರು ಈ ದೋಷವನ್ನೇ ವಿದ್ಯೆ ಮಾಡಿಕೊಂಡರು. ತುಕ್ಕು ಕಬ್ಬಿಣವನ್ನು ಬೆಲ್ಲದ ನೀರಿನಲ್ಲಿ ಕೊಳೆಹಾಕಿ ಬಂದ ರಸವನ್ನು ಬಳಿದರೆ ಒಗರಿರುವ ಮೈಯೆಲ್ಲ ಒಂದೇ ಸಮ ಕಪ್ಪು. ಕಲಂಕಾರಿ ಬಟ್ಟೆಯ ಕಪ್ಪು ಗೆರೆಯೂ ಇದೇ ರಸದ್ದು.

ಮೂರನೆಯದು ಹಸಿರು. ಎತ್ತಿನ ಕೊರಳಪಟ್ಟಿಯಲ್ಲಿ ಹಿತ್ತಾಳೆ ಗೆಜ್ಜೆ ಕೂರಿಸಿದ ಕಡೆ ಮೇಣದಂಥ ಹಸಿರು ಗಡ್ಡೆ ಕಟ್ಟಿರುತ್ತದೆ. ತೊಗಲಿನ ಎಣ್ಣೆಯ ಹುಳಿ ಹಿತ್ತಾಳೆಯ ತಾಮ್ರವನ್ನು ತಿಂದಾಗ ಬರುವ ಕಿಲುಬು. ಎಣ್ಣೆ ಹೆಚ್ಚಾದಷ್ಟೂ ಹಸಿರು ಹೆಚ್ಚು. ಬಿದಿರಿನ ಕಡ್ಡಿಯಿಂದ ಮೆಲ್ಲಗೆ ಕೆರೆದು ಒಣ ಬಟ್ಟೆಯಲ್ಲಿ ಒರೆಸಬೇಕು. ಹುಣಸೆಹಣ್ಣು ಹಾಕಿ ತಿಕ್ಕಿದರೆ ಗೆಜ್ಜೆ ಥಳಥಳಿಸುತ್ತದೆ, ಪಟ್ಟಿ ಮಾತ್ರ ಸಾಯುತ್ತದೆ. ತುರುವೇಕೆರೆಯ ಗಂಗಾಧರೇಶ್ವರ ಗುಡಿಯ ಕರಿಕಲ್ಲಿನ ನಂದಿಯನ್ನು ನೋಡಿದವರಿಗೆ ಅದರ ಮೈಯ ಹೊಳಪು ಮರೆಯುವುದಿಲ್ಲ. ಕಲ್ಲಿನ ಬಸವನಿಗೆ ಕಿಲುಬಿನ ಭಯವಿಲ್ಲ. ಹೆಸರಿನ ಮೊದಲಿಗೇ ‘ತುರು’ವನ್ನು ಇಟ್ಟುಕೊಂಡ ಆ ಊರಿನ ಸುತ್ತಲೂ ಈಗ ಟ್ರ್ಯಾಕ್ಟರುಗಳೇ ಹೆಚ್ಚು. ಕೊರಳಪಟ್ಟಿಗಳು ಗೋಡೆಯ ಗೂಟದಲ್ಲಿ ನೇತಾಡುತ್ತಿವೆ.

ಕೊನೆಯದು ಕೆಂಪು ಹುಡಿ. ಹಳೆಯ ಮಂಡಿಗಳ ಲೆಕ್ಕದ ಪುಸ್ತಕ, ವಕೀಲರ ಮನೆಯ ಕಾನೂನು ಪುಸ್ತಕ ಇವುಗಳ ತೊಗಲಿನ ಬೆನ್ನು ಮುಟ್ಟಿದರೆ ಇಟ್ಟಿಗೆಯ ಪುಡಿಯಂತೆ ಕೈಗೆ ಹತ್ತುತ್ತದೆ. ಗಾಳಿಯ ಗಂಧಕದ ಹೊಗೆ ತೊಗಲಿನೊಳಗೆ ಆಮ್ಲವಾಗಿ ನಾರನ್ನು ಕಡಿದುಹಾಕಿರುತ್ತದೆ. ಇದಕ್ಕೆ ಮದ್ದಿಲ್ಲ. ಎಣ್ಣೆ ಹಾಕಿದರೆ ಕೆಸರಾಗುತ್ತದೆ. ಬಿಳಿ ಬಟ್ಟೆಯಲ್ಲಿ ಸುತ್ತಿ, ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಮತ್ತಷ್ಟು ಉದುರದಂತೆ ನೋಡಿಕೊಳ್ಳಬಹುದು, ಅಷ್ಟೆ.

ಇನ್ನು ಸಿಪ್ಪೆ ಸಿಪ್ಪೆಯಾಗಿ ಏಳುವ ಬ್ಯಾಗು, ಬೆಲ್ಟುಗಳು ಬಹುಮಟ್ಟಿಗೆ ತೊಗಲೇ ಅಲ್ಲ. ಬಟ್ಟೆಯ ಮೇಲೆ ಪ್ಲಾಸ್ಟಿಕ್ ಬಳಿದದ್ದು. ಅಂಚನ್ನು ನೋಡಿ: ಒಳಗೆ ನೂಲಿನ ನೇಯ್ಗೆ ಕಂಡರೆ ಯಾವ ಎಣ್ಣೆಯೂ ಅದನ್ನು ಉಳಿಸಲಾರದು.

ತಮಟೆಗೆ ಎಣ್ಣೆ ಬೇಡ

ಅಟ್ಟದಿಂದ ಇಳಿಯುವ ವಸ್ತುಗಳಲ್ಲಿ ತಮಟೆಯದೇ ಬೇರೆ ಲೆಕ್ಕ. ಅದರ ಚರ್ಮ ಹದ ಮಾಡಿದ್ದಲ್ಲ. ಕೂದಲು ತೆಗೆದು, ಬಿಗಿದು, ಒಣಗಿಸಿದ ಹಸಿ ಚರ್ಮ. ಅದಕ್ಕೇ ಅದು ನುಡಿಯುವುದು. ಮೋಡದ ಗಾಳಿಗೆ ಸಡಿಲವಾಗುತ್ತದೆ, ತೆಂಗಿನ ಗರಿಯ ಉರಿಗೆ ಹಿಡಿದರೆ ಬಿಗಿಯುತ್ತದೆ. ಸೋಮನ ಕುಣಿತಕ್ಕೆ, ಊರದೇವರ ಉತ್ಸವಕ್ಕೆ ಹೊರಡುವ ಮುನ್ನ ಕಲಾವಿದರು ಬೆಂಕಿಯ ಸುತ್ತ ನಿಲ್ಲುವುದು ಇದಕ್ಕೆ. ಎಣ್ಣೆ ಹಚ್ಚಿದ ತಮಟೆ ಮೂಕವಾಗುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ, ಇಲಿಗೆ ಎಟುಕದ ಹಾಗೆ ಗಾಳಿಯಲ್ಲಿ ತೂಗುಹಾಕಿದರೆ ಸಾಕು. ಈಗ ಪ್ಲಾಸ್ಟಿಕ್ ಹಾಳೆಯ ತಮಟೆಗಳು ಬಂದಿವೆ. ಮಳೆಗೆ ಅಂಜುವುದಿಲ್ಲ, ಬೂಷ್ಟು ಹಿಡಿಯುವುದಿಲ್ಲ. ದನಿ ಮಾತ್ರ ಎದೆಗೆ ಬಡಿಯದೆ ಕಿವಿಗೆ ಬಡಿಯುತ್ತದೆ. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂದಾಗ ಈ ಕಡೆಯ ಕೇರಿಗಳೂ ಹಿಗ್ಗಿದ್ದು ಸಹಜ. ಸಾವಿನ ಮನೆಗೆ ಬಡಿಯಲು ಮಾತ್ರ ಕರೆಸುತ್ತಿದ್ದ ವಾದ್ಯವನ್ನು ದೆಹಲಿ ಗೌರವಿಸಿತ್ತು.

ತೊಗಲಿನ ಕಸುಬನ್ನು ಹಾಡಿ ಹೊಗಳುವವರು ಇನ್ನೊಂದು ಮಾತನ್ನೂ ನೆನೆಯಬೇಕು. ಸತ್ತ ದನ ಎಳೆಯುವುದು, ಸುಲಿಯುವುದು ಯಾರೂ ಆರಿಸಿಕೊಂಡ ಕಸುಬಲ್ಲ, ಹೇರಿದ ಕಸುಬು. 1955ರ ಅಸ್ಪೃಶ್ಯತೆ ನಿಷೇಧ ಕಾಯ್ದೆಗೆ 1976ರಲ್ಲಿ ತಿದ್ದುಪಡಿಯಾದಾಗ, ಅಸ್ಪೃಶ್ಯತೆಯ ನೆಪದಲ್ಲಿ ಯಾರನ್ನಾದರೂ ಈ ಕೆಲಸಕ್ಕೆ ಬಲವಂತಪಡಿಸುವುದು ಶಿಕ್ಷಾರ್ಹವಾಯಿತು. ಚರ್ಮ ಕುಶಲಿಗರ ಏಳಿಗೆಗೆಂದು ಕರ್ನಾಟಕದಲ್ಲಿ ಲಿಡ್ಕರ್ ನಿಗಮ ಹುಟ್ಟಿದ್ದೂ 1976ರಲ್ಲೇ. ಕೇರಿಯ ಮಕ್ಕಳು ಓದಿ ಮೇಷ್ಟ್ರು, ಪೊಲೀಸ್, ಇಂಜಿನಿಯರ್ ಆದರು. ಉಳಿ, ರಂಪಿಗೆಗಳನ್ನು ಕೆಳಗಿಟ್ಟದ್ದಕ್ಕೆ ಅವರನ್ನು ಯಾರೂ ಕೇಳುವಂತಿಲ್ಲ. ಕಸುಬು ಅಳಿಯುತ್ತಿದೆ ಎಂದು ಕೊರಗುವ ಹಕ್ಕು ಅದನ್ನು ಹೇರಿದವರಿಗೆ ಇಲ್ಲ.

ಆದರೂ ಕೆಲವರು ಉಳಿದಿದ್ದಾರೆ. ಸಂತೆಯ ಅಂಚಿನಲ್ಲಿ, ಬಸ್ ನಿಲ್ದಾಣದ ಗೋಡೆಯ ನೆರಳಿನಲ್ಲಿ, ಪಾಲಿಶ್ ಡಬ್ಬಿ ಮತ್ತು ನಾಲ್ಕು ಉಳಿಗಳೊಂದಿಗೆ. ಕಲ್ಯಾಣದ ಶರಣ ಹರಳಯ್ಯ ಪತ್ನಿಯೊಡನೆ ತನ್ನ ತೊಡೆಯ ಚರ್ಮದಿಂದ ಬಸವಣ್ಣನಿಗೆ ಪಾದರಕ್ಷೆ ಮಾಡಿದ ಐತಿಹ್ಯವನ್ನು ಈ ಸೀಮೆಯ ಮಠಗಳಲ್ಲಿ ಕಣ್ಣೀರು ಬರುವಂತೆ ಹೇಳುತ್ತಾರೆ. ಅದನ್ನು ಕೇಳಿ ಹೊರಬಂದ ಎಳೆಯ ಹುಡುಗನೂ ತಾತನ ವಯಸ್ಸಿನ ಮೋಚಿಯ ಮುಂದೆ ಕಾಲು ಚಾಚಿ "ಬೇಗ ಹೊಲಿಯೋ" ಎನ್ನುತ್ತಾನೆ. ಚಪ್ಪಲಿ ಕಾಲಿನಿಂದ ಕಳಚಿ ಕೈಗೆ ಕೊಡುವ ಸೌಜನ್ಯವೂ ಇಲ್ಲ.

ನೀವು ತೆಂಗಿನ ಈ ನಾಡಿಗೆ ಹೋದಾಗ ಅರಳಗುಪ್ಪೆಯ ಕಲ್ಲೇಶ್ವರನನ್ನು ನೋಡಿ, ತುರುವೇಕೆರೆಯ ನಂದಿಯನ್ನು ನೋಡಿ, ಕೊಬ್ಬರಿ ಹರಾಜಿನ ಗದ್ದಲ ಕೇಳಿ. ಜೊತೆಗೆ, ಬಣ್ಣಗೆಟ್ಟ ಒಂದು ಚೀಲವನ್ನೋ ಚಪ್ಪಲಿಯನ್ನೋ ಒಯ್ದು ಆ ಛತ್ರಿಯ ಕೆಳಗೆ ಕೂತವರ ಕೈಗೆ ಕೊಡಿ. ಬಿಳಿ ಯಾವುದು, ಬೂಷ್ಟು ಯಾವುದು ಎಂದು ಒಂದೇ ಸವರಿಗೆ ಹೇಳುತ್ತಾರೆ. ಕೇಳಿದ ಹಣ ಕೊಡಿ, ಚೌಕಾಸಿ ಬೇಡ. ಮಾತಾಡುವಾಗ ಬಹುವಚನ ಇರಲಿ.